ಪೇಟೆಯಲ್ಲಿ ದೊಡ್ಡವರು ಯಾರು? ಕಂಪನಿಗಳ ಖರೀದಿ ಮತ್ತು ಸ್ಪರ್ಧಾ ಕಾಯಿದೆ

ಸುಗ್ಗಿಯ ದಿನಗಳಲ್ಲಿ ಬೀದರ್ ನಗರದ ಗಾಂಧಿ ಗಂಜ್‌ಗೆ ಹೋದವರಿಗೆ ಅಲ್ಲಿನ ದೃಶ್ಯ ಚೆನ್ನಾಗಿ ಗೊತ್ತು. ತೊಗರಿ, ಉದ್ದು, ಹೆಸರು, ಸೋಯಾ ತುಂಬಿದ ಚೀಲಗಳು ಅಡತಿ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತಿರುತ್ತವೆ. ರೈತನ ಮಾಲಿಗೆ ನಾಲ್ಕು ಜನ ಖರೀದಿದಾರರು ಪೈಪೋಟಿಗೆ ಬಿದ್ದರೆ ದರ ಏರುತ್ತದೆ. ಕೊಳ್ಳುವವನು ಒಬ್ಬನೇ ಆದರೆ ಅವನು ಹೇಳಿದ್ದೇ ದರ. ಈ ಮಾತನ್ನು ಬೀದರ್ ಜಿಲ್ಲೆಯ ರೈತನಿಗೆ ಯಾರೂ ಪಾಠ ಮಾಡಿ ತಿಳಿಸಬೇಕಾಗಿಲ್ಲ.

ಅಲ್ಲಿಂದ ಉಸ್ಮಾನ್‌ಗಂಜ್ ಕಡೆಗೆ ಬಂದರೆ ಇದೇ ಮಾತಿನ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಮಾರುವವರು ಹಲವರು. ಒಂದು ಅಂಗಡಿಯಲ್ಲಿ ಬಟ್ಟೆಯ ಬೆಲೆ ಸರಿಬರದಿದ್ದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಅಂಗಡಿಯಲ್ಲಿ ಕೇಳುತ್ತೇವೆ. ಹಾಗೆ ಮುಂದೆ ಹೋಗುವ ಸ್ವಾತಂತ್ರ್ಯವೇ ಗ್ರಾಹಕನ ಬಲ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಸ್ಪರ್ಧೆ ಎಂದು ಹೆಸರು.

ಈಗ ಒಂದು ಪ್ರಶ್ನೆ. ಆ ಹಲವು ಅಂಗಡಿಗಳನ್ನು ಒಬ್ಬನೇ ಕೊಂಡುಬಿಟ್ಟರೆ ಏನಾಗುತ್ತದೆ? ಅಥವಾ ಆ ಎಲ್ಲ ಅಂಗಡಿಗಳಿಗೆ ಮಾಲು ಪೂರೈಸುವ ಸಗಟು ವ್ಯಾಪಾರವನ್ನೇ ದೂರದ ಒಂದು ದೊಡ್ಡ ಕಂಪನಿ ಕೊಂಡರೆ? ಅದನ್ನು ತಡೆಯಲು ಕಾನೂನು ಇದೆಯೇ? ಇದ್ದರೆ ಅದು ಯಾರನ್ನು ಕಾಪಾಡುತ್ತದೆ, ಅಂಗಡಿಯವನನ್ನೋ ಗ್ರಾಹಕನನ್ನೋ? ಇದು ದೆಹಲಿ, ಬೆಂಗಳೂರುಗಳ ಕೋರ್ಟುಗಳಲ್ಲಿ ವಾದಿಸುವ ವಿಷಯವಾದರೂ ಭಾಲ್ಕಿಯ ಕಿರಾಣಿ ಅಂಗಡಿಗೂ ಔರಾದ್‌ನ ಮೊಬೈಲ್ ಅಂಗಡಿಗೂ ನೇರವಾಗಿ ಸಂಬಂಧಿಸಿದ್ದು.

ಮಾರುಕಟ್ಟೆ ಎಂದರೆ ಎಷ್ಟು ದೂರ?

ಒಂದು ಕಂಪನಿ ಮಾರುಕಟ್ಟೆಯಲ್ಲಿ ಪ್ರಬಲವಾಗಿದೆ ಎನ್ನಬೇಕಾದರೆ ಮೊದಲು ಯಾವ ಮಾರುಕಟ್ಟೆ ಎಂಬುದನ್ನು ನಿರ್ಧರಿಸಬೇಕು. ಸ್ಪರ್ಧಾ ಕಾನೂನಿನಲ್ಲಿ ಇದನ್ನು ಸಂಬಂಧಿತ ಮಾರುಕಟ್ಟೆ ಎನ್ನುತ್ತಾರೆ. ಇದಕ್ಕೆ ಎರಡು ಅಳತೆಗಳಿವೆ. ಒಂದು, ವಸ್ತುವಿನ ಅಳತೆ: ಯಾವ ವಸ್ತುವಿನ ಬದಲಿಗೆ ಯಾವುದನ್ನು ಜನ ಕೊಳ್ಳಬಲ್ಲರು? ಇನ್ನೊಂದು, ಪ್ರದೇಶದ ಅಳತೆ: ಕೊಳ್ಳಲು ಜನ ಎಷ್ಟು ದೂರ ಹೋಗಬಲ್ಲರು?

ಔರಾದ್‌ನ ಉದಾಹರಣೆ ತೆಗೆದುಕೊಳ್ಳೋಣ. ಅದು ಕರ್ನಾಟಕದ ಉತ್ತರದ ತುದಿಯಲ್ಲಿರುವ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಔರಾದ್‌ನಲ್ಲಿ ಉಪ್ಪಿನ ಪೊಟ್ಟಣದ ಬೆಲೆ ಒಂದು ರೂಪಾಯಿ ಹೆಚ್ಚಾದರೆ ಯಾರೂ ಬಸ್ಸು ಹತ್ತಿ ಬೀದರ್‌ಗೆ ಹೋಗುವುದಿಲ್ಲ. ಬಸ್ಸಿನ ಚಾರ್ಜು ಉಪ್ಪಿನ ಬೆಲೆಗಿಂತ ಹೆಚ್ಚು. ಆದ್ದರಿಂದ ಉಪ್ಪಿನ ಚಿಲ್ಲರೆ ಮಾರುಕಟ್ಟೆ ಎಂದರೆ ಔರಾದ್ ಊರಷ್ಟೇ. ಆದರೆ ಮಗಳ ಮದುವೆಗೆ ಬಟ್ಟೆ ಕೊಳ್ಳುವ ಕುಟುಂಬ ಬೀದರ್‌ಗೆ ಹೋದೀತು, ದೇಗಲೂರಿಗೆ ಹೋದೀತು, ಉದಗೀರಕ್ಕೂ ಹೋದೀತು. 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆಗುವವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಜಿಲ್ಲೆ ಇದು. ದೊಡ್ಡ ಖರೀದಿಗೆ ಹೈದರಾಬಾದಿನ ದಾರಿ ಹಿಡಿಯುವವರೂ ಇದ್ದಾರೆ. ಹೀಗಾಗಿ ಮದುವೆ ಬಟ್ಟೆಯ ಮಾರುಕಟ್ಟೆ ಮೂರು ರಾಜ್ಯಗಳ ಗಡಿ ದಾಟುತ್ತದೆ. ಮೊಬೈಲ್ ಫೋನನ್ನಂತೂ ಇವತ್ತು ಮನೆಯಲ್ಲಿ ಕುಳಿತೇ ತರಿಸಬಹುದು. ಅದರ ಮಾರುಕಟ್ಟೆ ಇಡೀ ದೇಶ.

ಒಂದೇ ಊರು, ಮೂರು ವಸ್ತು, ಮೂರು ಮಾರುಕಟ್ಟೆ! ಸ್ಪರ್ಧಾ ಮೊಕದ್ದಮೆಗಳಲ್ಲಿ ಅರ್ಧ ವಾದ ನಡೆಯುವುದು ಇದರ ಮೇಲೆಯೇ. ಕಂಪನಿಯ ಪರ ವಕೀಲರು ಮಾರುಕಟ್ಟೆಯನ್ನು ಹಿಗ್ಗಿಸಿ ತೋರಿಸುತ್ತಾರೆ. ಆಗ ಕಂಪನಿ ಅದರಲ್ಲಿ ಚಿಕ್ಕದಾಗಿ ಕಾಣುತ್ತದೆ. ದೂರು ಕೊಟ್ಟವರು ಅದನ್ನು ಕುಗ್ಗಿಸಿ ತೋರಿಸುತ್ತಾರೆ. ಆಗ ಅದೇ ಕಂಪನಿ ದೈತ್ಯನಂತೆ ಕಾಣುತ್ತದೆ.

ಕಾನೂನು ನಡೆದುಬಂದ ದಾರಿ

ಸ್ವತಂತ್ರ ಭಾರತದಲ್ಲಿ ಈ ಬಗ್ಗೆ ಬಂದ ಮೊದಲ ಕಾನೂನು 1969ರ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಕಾಯಿದೆ. ಅದನ್ನು ಎಂ.ಆರ್.ಟಿ.ಪಿ. ಕಾಯಿದೆ ಎಂದೇ ಜನ ಬಲ್ಲರು. ಕೆಲವೇ ಮನೆತನಗಳ ಕೈಯಲ್ಲಿ ಸಂಪತ್ತು ಸೇರಬಾರದು ಎಂಬುದು ಅದರ ಹಿಂದಿನ ವಿಚಾರ. ದೊಡ್ಡದಾಗುವುದೇ ಅನುಮಾನಕ್ಕೆ ಕಾರಣ ಎಂಬ ಕಾಲ ಅದು. 1991ರಲ್ಲಿ ಆರ್ಥಿಕ ನೀತಿ ಬದಲಾಯಿತು. 1999ರಲ್ಲಿ ಎಸ್.ವಿ.ಎಸ್. ರಾಘವನ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನ ಫಲವೇ 2002ರ ಸ್ಪರ್ಧಾ ಕಾಯಿದೆ.

ಕಾಯಿದೆ ಆದೊಡನೆ ಜಾರಿಗೆ ಬರಲಿಲ್ಲ. ಭಾರತ ಸ್ಪರ್ಧಾ ಆಯೋಗ 2003ರಲ್ಲಿ ಸ್ಥಾಪನೆಯಾದರೂ ಮುಖ್ಯ ಕಲಮುಗಳು ಜಾರಿಯಾದದ್ದು 2009ರ ಮೇ 20ರಂದು. ಕಂಪನಿಗಳ ಖರೀದಿ ಮತ್ತು ವಿಲೀನಕ್ಕೆ ಸಂಬಂಧಿಸಿದ ಕಲಮುಗಳು 2011ರ ಜೂನ್ 1ರಿಂದ ಜಾರಿಗೆ ಬಂದವು.

ಹೊಸ ಕಾಯಿದೆಯ ದೃಷ್ಟಿ ಹಳೆಯದಕ್ಕಿಂತ ಬೇರೆ. ದೊಡ್ಡದಾಗುವುದು ತಪ್ಪಲ್ಲ, ದೊಡ್ಡತನವನ್ನು ದುರುಪಯೋಗ ಮಾಡುವುದು ತಪ್ಪು ಎಂದು ಅದು ಹೇಳುತ್ತದೆ. ಹಗ್ಗಜಗ್ಗಾಟದಲ್ಲಿ ಬಲಶಾಲಿ ಗೆದ್ದರೆ ಅದು ಆಟ. ಅವನು ಎದುರಿನವರ ಕಾಲಿಗೆ ಹಗ್ಗ ಕಟ್ಟಿದರೆ ಅದು ಅಪರಾಧ.

ಕಾಯಿದೆಯ ಮೂರು ಬಾಗಿಲುಗಳು

ಈ ಕಾಯಿದೆಗೆ ಮೂರು ಬಾಗಿಲುಗಳಿವೆ ಎಂದು ಭಾವಿಸಿದರೆ ನೆನಪಿಟ್ಟುಕೊಳ್ಳುವುದು ಸುಲಭ.

ಮೊದಲನೆಯದು 3ನೆಯ ಕಲಮು. ಸ್ಪರ್ಧೆಗೆ ಧಕ್ಕೆ ತರುವ ಒಪ್ಪಂದಗಳನ್ನು ಇದು ನಿಷೇಧಿಸುತ್ತದೆ. ಹತ್ತು ವ್ಯಾಪಾರಿಗಳು ಗುಟ್ಟಾಗಿ ಸೇರಿ ಇದಕ್ಕಿಂತ ಕಡಿಮೆಗೆ ಮಾರಬಾರದು ಎಂದು ನಿಶ್ಚಯಿಸಿದರೆ ಅದು ಇಲ್ಲಿಗೆ ಬರುತ್ತದೆ. ತಯಾರಕನೂ ಮಾರಾಟಗಾರನೂ ಮಾಡಿಕೊಂಡ ಒಪ್ಪಂದದಿಂದ ಉಳಿದವರಿಗೆ ದಾರಿ ಮುಚ್ಚಿದರೆ ಅದೂ ಇಲ್ಲಿಗೇ ಬರುತ್ತದೆ.

ಎರಡನೆಯದು 4ನೆಯ ಕಲಮು. ಪ್ರಬಲ ಸ್ಥಾನದ ದುರುಪಯೋಗ ಇದರ ವಿಷಯ. ಪೈಪೋಟಿಗಾರರನ್ನು ಲೆಕ್ಕಿಸದೆ ತನ್ನಿಚ್ಛೆಯಂತೆ ನಡೆಯಬಲ್ಲ ಶಕ್ತಿ ಇದ್ದರೆ ಅದು ಪ್ರಾಬಲ್ಯ. ಇಷ್ಟು ಶೇಕಡಾ ಪಾಲು ಇದ್ದರೆ ಪ್ರಬಲ ಎಂಬ ಗೆರೆಯನ್ನು ನಮ್ಮ ಕಾಯಿದೆ ಎಳೆದಿಲ್ಲ. ಮಾರುಕಟ್ಟೆಯ ಪಾಲು, ಹಣಬಲ, ಪೈಪೋಟಿಗಾರರ ಗಾತ್ರ, ಗ್ರಾಹಕರ ಅವಲಂಬನೆ, ಹೊಸಬರು ಒಳಬರಲು ಇರುವ ಅಡ್ಡಿಗಳು, ಇವೆಲ್ಲವನ್ನೂ ಆಯೋಗ ತೂಗಿ ನೋಡಬೇಕು. ಎದುರಾಳಿಯನ್ನು ಮುಗಿಸುವ ಉದ್ದೇಶದಿಂದ ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದು ದುರುಪಯೋಗದ ಒಂದು ಬಗೆ. ಆದರೆ ಹಾಗೆ ಮಾರುವವನು ಪ್ರಬಲನಾಗಿದ್ದರೆ ಮಾತ್ರ ಈ ಕಲಮು ಅನ್ವಯಿಸುತ್ತದೆ. ಜಿಯೋದ ಉಚಿತ ಸೇವೆಯ ವಿರುದ್ಧ ಏರ್‌ಟೆಲ್ ಕೊಟ್ಟ ದೂರನ್ನು 2017ರಲ್ಲಿ ಆಯೋಗ ಕೈಬಿಟ್ಟದ್ದು ಆ ಹೊತ್ತಿಗೆ ಜಿಯೋ ಪ್ರಬಲ ಸ್ಥಾನದಲ್ಲಿರಲಿಲ್ಲ ಎಂಬ ಕಾರಣಕ್ಕಾಗಿಯೇ.

ಮೂರನೆಯದು 5 ಮತ್ತು 6ನೆಯ ಕಲಮುಗಳು. ದೊಡ್ಡ ಕಂಪನಿಯೊಂದು ಇನ್ನೊಂದನ್ನು ಕೊಳ್ಳುವ ಮೊದಲೇ ಆಯೋಗದ ಒಪ್ಪಿಗೆ ಪಡೆಯಬೇಕು. ಮೊದಲ ಎರಡು ಬಾಗಿಲುಗಳು ರೋಗ ಬಂದ ಮೇಲಿನ ಔಷಧಿಯಾದರೆ ಇದು ರೋಗ ಬಾರದಂತೆ ಹಾಕುವ ಲಸಿಕೆ.

ಬೆಂಗಳೂರಿನ ಕಂಪನಿ, ಅಮೆರಿಕದ ಖರೀದಿದಾರ

ಈ ಮೂರನೆಯ ಬಾಗಿಲಿನ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ರಾಜ್ಯದ ಕಂಪನಿಯೊಂದರ ವಿಷಯದಲ್ಲಿ. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಫ್ಲಿಪ್‌ಕಾರ್ಟ್ ಆರಂಭಿಸಿದರು. 2014ರಲ್ಲಿ ಅದು ಬೆಂಗಳೂರಿನದೇ ಆದ ಮಿಂತ್ರಾ ಕಂಪನಿಯನ್ನು ಕೊಂಡಿತು. 2018ರ ಮೇ ತಿಂಗಳಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಶೇಕಡಾ 77ರಷ್ಟು ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ವ್ಯಾಪಾರಿ ಸಂಘಗಳು ವಿರೋಧಿಸಿದವು. ಭಾರಿ ರಿಯಾಯಿತಿ ಕೊಟ್ಟು ಸಣ್ಣ ಅಂಗಡಿಗಳನ್ನು ಮುಚ್ಚಿಸುತ್ತಾರೆ ಎಂಬುದು ಅವುಗಳ ದೂರು.

2018ರ ಆಗಸ್ಟ್ 8ರಂದು ಆಯೋಗ ಈ ಖರೀದಿಗೆ ಒಪ್ಪಿಗೆ ನೀಡಿತು. ಏಕೆ? ಖರೀದಿಯ ಪರಿಶೀಲನೆಯಲ್ಲಿ ಆಯೋಗ ಕೇಳುವ ಪ್ರಶ್ನೆ ಒಂದೇ: ಈ ಖರೀದಿಯಿಂದ ಇದ್ದ ಸ್ಪರ್ಧೆ ಕಡಿಮೆಯಾಗುತ್ತದೆಯೇ? ಆಗ ವಾಲ್‌ಮಾರ್ಟ್ ಭಾರತದಲ್ಲಿ ವ್ಯಾಪಾರಿಗಳಿಗೆ ಮಾತ್ರ ಮಾರುವ ಸಗಟು ಮಳಿಗೆಗಳನ್ನು ನಡೆಸುತ್ತಿತ್ತು. ಫ್ಲಿಪ್‌ಕಾರ್ಟ್‌ಗೂ ಸಗಟು ವ್ಯಾಪಾರವಿತ್ತು. ಎರಡೂ ಸೇರಿದರೂ ಸಗಟು ಮಾರುಕಟ್ಟೆಯಲ್ಲಿ ಅವುಗಳ ಪಾಲು ಶೇಕಡಾ 5ಕ್ಕಿಂತ ಕಡಿಮೆ ಎಂದು ಆಯೋಗ ಕಂಡುಕೊಂಡಿತು. ರಿಯಾಯಿತಿಯ ದೂರು ಖರೀದಿಯಿಂದ ಹುಟ್ಟಿದ್ದಲ್ಲ, ಮೊದಲೇ ಇದ್ದದ್ದು. ಆದ್ದರಿಂದ ಅದು ಈ ಪರಿಶೀಲನೆಗೆ ಸೇರುವುದಿಲ್ಲ ಎಂಬುದು ಅದರ ನಿಲುವು.

ವ್ಯಾಪಾರಿಗಳಿಗೆ ಈ ಉತ್ತರ ರುಚಿಸಲಿಲ್ಲ. ಆದರೂ ಇದರ ಹಿಂದಿನ ತರ್ಕವನ್ನು ಗಮನಿಸಬೇಕು. ನೆರೆಮನೆಯವನು ರಾತ್ರಿ ಗದ್ದಲ ಮಾಡುತ್ತಾನೆ ಎಂದು ಅವನ ಮನೆಯ ಮಾರಾಟವನ್ನು ತಡೆಯಲಾಗದು. ಗದ್ದಲಕ್ಕೆ ಬೇರೆ ದೂರು ಕೊಡಬೇಕು. ವ್ಯಾಪಾರಿಗಳು ಅದನ್ನೇ ಮಾಡಿದರು.

ಕರ್ನಾಟಕ ಹೈಕೋರ್ಟಿನಲ್ಲಿ

ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ 2020ರ ಜನವರಿ 13ರಂದು ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಎರಡರ ವಿರುದ್ಧವೂ ತನಿಖೆಗೆ ಆದೇಶಿಸಿತು. ಆರೋಪಗಳು ನಾಲ್ಕು. ಕೆಲವು ಮೊಬೈಲ್ ಫೋನುಗಳನ್ನು ತಮ್ಮಲ್ಲಿ ಮಾತ್ರ ಬಿಡುಗಡೆ ಮಾಡಿಸುತ್ತಾರೆ. ತಮಗೆ ಬೇಕಾದ ಕೆಲವೇ ಮಾರಾಟಗಾರರಿಗೆ ಒತ್ತಾಸೆ ಕೊಡುತ್ತಾರೆ. ಅವರಿಗೆ ಭಾರಿ ರಿಯಾಯಿತಿಯ ನೆರವು ನೀಡುತ್ತಾರೆ. ಗ್ರಾಹಕ ಹುಡುಕಿದಾಗ ಅವರ ಹೆಸರನ್ನೇ ಮೇಲೆ ತೋರಿಸುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತನಿಖೆ ನಡೆದದ್ದು ಪ್ರಾಬಲ್ಯದ 4ನೆಯ ಕಲಮಿನ ಅಡಿಯಲ್ಲಲ್ಲ, ಒಪ್ಪಂದಗಳ 3ನೆಯ ಕಲಮಿನ ಅಡಿಯಲ್ಲಿ. ಏಕೆಂದರೆ ದೈತ್ಯರು ಇಬ್ಬರು! ಇಬ್ಬರೂ ಸೇರಿ ಪ್ರಬಲರು ಎಂಬ ಸಾಮೂಹಿಕ ಪ್ರಾಬಲ್ಯದ ಕಲ್ಪನೆಗೆ ನಮ್ಮ ಕಾಯಿದೆಯಲ್ಲಿ ಸ್ಥಾನವಿಲ್ಲ. ಊರಿನಲ್ಲಿ ಎರಡು ಆನೆಗಳಿದ್ದರೆ ಯಾವ ಆನೆಯೂ ಒಂಟಿಯಾಗಿ ಊರನ್ನು ಆಳುತ್ತಿಲ್ಲ ಎಂದು ಕಾನೂನು ಹೇಳುತ್ತದೆ. ತುಳಿತಕ್ಕೆ ಸಿಕ್ಕ ಹುಲ್ಲಿಗೆ ಆನೆಗಳ ಲೆಕ್ಕದಿಂದ ಏನೂ ವ್ಯತ್ಯಾಸವಾಗುವುದಿಲ್ಲ.

ಎರಡೂ ಕಂಪನಿಗಳು ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕವು. 2020ರ ಫೆಬ್ರವರಿಯಲ್ಲಿ ತನಿಖೆಗೆ ತಡೆ ಸಿಕ್ಕಿತು. 2021ರ ಜೂನ್ 11ರಂದು ನ್ಯಾಯಮೂರ್ತಿ ಪಿ.ಎಸ್. ದಿನೇಶ್ ಕುಮಾರ್ ಅವರು ಅರ್ಜಿಗಳನ್ನು ವಜಾ ಮಾಡಿದರು. ಜುಲೈ 23ರಂದು ವಿಭಾಗೀಯ ಪೀಠವೂ ಮೇಲ್ಮನವಿಗಳನ್ನು ತಳ್ಳಿಹಾಕಿತು. ತನಿಖೆ ಎಂದರೆ ಶಿಕ್ಷೆಯಲ್ಲ, ಅದು ಮೊದಲ ಹೆಜ್ಜೆ ಮಾತ್ರ. ತಪ್ಪು ಮಾಡದವರು ಅದಕ್ಕೆ ಹೆದರಬೇಕಾಗಿಲ್ಲ ಎಂಬುದು ಈ ತೀರ್ಪುಗಳ ಸಾರಾಂಶ. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಕೂಡ ತನಿಖೆಯಲ್ಲಿ ಕೈಹಾಕಲು ನಿರಾಕರಿಸಿತು.

2024ರಲ್ಲಿ ತನಿಖಾ ವರದಿ ಸಿದ್ಧವಾಯಿತು. ಕಾಯಿದೆಯ ಉಲ್ಲಂಘನೆಯಾಗಿದೆ ಎಂಬುದು ಅದರ ನಿರ್ಣಯ. ಆದರೆ ತನಿಖಾಧಿಕಾರಿಯ ವರದಿಯೇ ಕೊನೆಯ ಮಾತಲ್ಲ. ಕಂಪನಿಗಳ ವಾದವನ್ನು ಕೇಳಿ ಆಯೋಗ ಆದೇಶ ಮಾಡಬೇಕು. ಅಷ್ಟರಲ್ಲಿ ಮಾರಾಟಗಾರರೂ ಮೊಬೈಲ್ ಕಂಪನಿಗಳೂ ಬೇರೆ ಬೇರೆ ಹೈಕೋರ್ಟುಗಳಲ್ಲಿ ಅರ್ಜಿ ಹಾಕಿದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವೆಲ್ಲವನ್ನೂ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. ತನಿಖೆಗೆ ಆದೇಶವಾಗಿ ಐದು ವರ್ಷ ಕಳೆದರೂ ಪ್ರಶ್ನೆ ಕೋರ್ಟಿನ ಅಂಗಳದಲ್ಲೇ ಇತ್ತು.

ಐದು ವರ್ಷ ಎಂದರೆ ಕೋರ್ಟಿಗೆ ದೊಡ್ಡ ಅವಧಿಯಲ್ಲ. ಮೊಬೈಲ್ ಅಂಗಡಿಯ ಬಾಡಿಗೆಯನ್ನು ತಿಂಗಳು ತಿಂಗಳೂ ಕಟ್ಟುವವನಿಗೆ ಅದು ಅರವತ್ತು ತಿಂಗಳು.

ಸಗಟು ಮಳಿಗೆ ಕೈಬದಲಾದಾಗ

ಇನ್ನೆರಡು ಪ್ರಕರಣಗಳನ್ನು ಚುಟುಕಾಗಿ ನೋಡೋಣ. ಜರ್ಮನಿಯ ಮೆಟ್ರೋ ಕಂಪನಿ 2003ರಲ್ಲಿ ಬೆಂಗಳೂರಿನ ಮೂಲಕ ಭಾರತದ ಸಗಟು ವ್ಯಾಪಾರಕ್ಕೆ ಇಳಿಯಿತು. ಅದರ ಗಿರಾಕಿಗಳು ನೋಂದಾಯಿತ ಕಿರಾಣಿ ಅಂಗಡಿಯವರು, ಹೋಟೆಲಿನವರು. 2022ರ ಡಿಸೆಂಬರಿನಲ್ಲಿ ರಿಲಯನ್ಸ್ ರಿಟೇಲ್ ಅದರ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2023ರ ಮಾರ್ಚಿನಲ್ಲಿ ಆಯೋಗ ಒಪ್ಪಿತು, ಮೇ ತಿಂಗಳಲ್ಲಿ 31 ಮಳಿಗೆಗಳು ಕೈಬದಲಾದವು. ಇಲ್ಲಿ ಯೋಚಿಸಬೇಕಾದ್ದೇನು? ಕಿರಾಣಿಯವನಿಗೆ ಮಾಲು ಕೊಡುವ ಮಳಿಗೆ ಈಗ ಅವನೊಂದಿಗೆ ಚಿಲ್ಲರೆ ವ್ಯಾಪಾರದಲ್ಲಿ ಪೈಪೋಟಿ ಮಾಡುವ ಕಂಪನಿಯದೇ ಆಯಿತು. ಇದನ್ನು ಮೇಲು-ಕೆಳಗಿನ ಹಂತಗಳ ಕೂಡಿಕೆ ಎನ್ನಬಹುದು. ಸಗಟು ಮಾರುವವರು ಬೇರೆ ಹಲವರು ಇರುವವರೆಗೆ ಇದರಿಂದ ಅಪಾಯವಿಲ್ಲ. ಹಲವರು ಇಲ್ಲದ ಊರಿನಲ್ಲಿ ಹೀಗಾದರೆ ಅಪಾಯವಿದೆ.

ಎರಡನೆಯದು ಬಿಗ್ ಬಜಾರ್ ಮಳಿಗೆಗಳ ಒಡೆಯರಾಗಿದ್ದ ಫ್ಯೂಚರ್ ಗುಂಪಿನ ಕಥೆ. 2020ರ ಆಗಸ್ಟಿನಲ್ಲಿ ತನ್ನ ವ್ಯಾಪಾರವನ್ನು ರಿಲಯನ್ಸ್‌ಗೆ 24,713 ಕೋಟಿ ರೂಪಾಯಿಗೆ ಮಾರಲು ಅದು ಒಪ್ಪಿತು. ಆದರೆ 2019ರಲ್ಲೇ ಅದೇ ಗುಂಪಿನ ಒಂದು ಕಂಪನಿಯಲ್ಲಿ ಪಾಲು ಕೊಂಡಿದ್ದ ಅಮೆಜಾನ್ ಇದನ್ನು ಪ್ರಶ್ನಿಸಿತು. ಆಗ ಸ್ಪರ್ಧಾ ಆಯೋಗ ಅಮೆಜಾನ್‌ನ ಹಳೆಯ ಅರ್ಜಿಯನ್ನು ಮತ್ತೆ ತೆರೆದು ನೋಡಿತು. ಖರೀದಿಯ ನಿಜವಾದ ಉದ್ದೇಶವನ್ನು ಮುಚ್ಚಿಟ್ಟಿದೆ ಎಂದು 2021ರ ಡಿಸೆಂಬರ್ 17ರಂದು 202 ಕೋಟಿ ರೂಪಾಯಿ ದಂಡ ವಿಧಿಸಿತು, ಕೊಟ್ಟಿದ್ದ ಒಪ್ಪಿಗೆಯನ್ನು ತಡೆಹಿಡಿಯಿತು. 2022ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇದನ್ನು ಎತ್ತಿಹಿಡಿಯಿತು. ಅಷ್ಟರೊಳಗೆ, 2022ರ ಏಪ್ರಿಲ್‌ನಲ್ಲಿ, ಸಾಲ ಕೊಟ್ಟವರು ಒಪ್ಪದ ಕಾರಣ ರಿಲಯನ್ಸ್ ಖರೀದಿಯೂ ಬಿದ್ದುಹೋಗಿತ್ತು. ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಇಬ್ಬರು ದೊಡ್ಡವರ ಜಗಳದಲ್ಲಿ ಮೂರನೆಯವನ ಅಂಗಡಿ ಮುಚ್ಚಿತು.

ಭಾಲ್ಕಿಯ ಒಂದು ಊಹೆ

ಈಗ ನಮ್ಮ ಜಿಲ್ಲೆಗೆ ಮರಳೋಣ. ಒಂದು ಸಂಗತಿಯನ್ನು ಊಹಿಸಿಕೊಳ್ಳಿ. ಭಾಲ್ಕಿಯಲ್ಲಿ ಹತ್ತು ಕಿರಾಣಿ ಅಂಗಡಿಗಳಿವೆ. ಅವುಗಳಲ್ಲಿ ಎಂಟಕ್ಕೆ ಬೀದರಿನ ಒಬ್ಬನೇ ಸಗಟು ವ್ಯಾಪಾರಿ ಎಣ್ಣೆ, ಸಕ್ಕರೆ, ಸಾಬೂನು ಪೂರೈಸುತ್ತಾನೆ. ಅವನ ವಾರ್ಷಿಕ ವಹಿವಾಟು 40 ಕೋಟಿ ರೂಪಾಯಿ. ಒಂದು ದೊಡ್ಡ ಕಂಪನಿ ಅವನ ವ್ಯಾಪಾರವನ್ನು ಕೊಂಡು, ಭಾಲ್ಕಿಯಲ್ಲಿ ತನ್ನದೇ ಚಿಲ್ಲರೆ ಮಳಿಗೆಯನ್ನೂ ತೆರೆಯುತ್ತದೆ.

ಈ ಖರೀದಿಗೆ ಆಯೋಗದ ಒಪ್ಪಿಗೆ ಬೇಕೇ? ಬೇಡ. 2024ರ ಮಾರ್ಚಿನಲ್ಲಿ ಪರಿಷ್ಕರಿಸಿದ ಮಿತಿಯಂತೆ, ಕೊಳ್ಳಲ್ಪಡುವ ಸಂಸ್ಥೆಯ ಆಸ್ತಿ ಭಾರತದಲ್ಲಿ 450 ಕೋಟಿ ರೂಪಾಯಿಗೆ ಮೀರದಿದ್ದರೆ, ಇಲ್ಲವೇ ವಹಿವಾಟು 1,250 ಕೋಟಿಗೆ ಮೀರದಿದ್ದರೆ ವಿನಾಯಿತಿ ಇದೆ. ಸಂಸ್ಥೆ ಚಿಕ್ಕದಾದರೂ ಅದಕ್ಕೆ ಕೊಡುವ ಬೆಲೆ ದೊಡ್ಡದಾಗಿದ್ದರೆ ತಪ್ಪಿಸಿಕೊಳ್ಳಬಾರದು ಎಂದು 2023ರ ತಿದ್ದುಪಡಿ ಇನ್ನೊಂದು ಮಿತಿಯನ್ನು ತಂದಿತು: 2,000 ಕೋಟಿ ರೂಪಾಯಿ ಮೀರಿದ, ಭಾರತದಲ್ಲಿ ಗಣನೀಯ ವ್ಯವಹಾರವುಳ್ಳ ಸಂಸ್ಥೆಯ ಖರೀದಿಗಳು ಆಯೋಗದ ಮುಂದೆ ಬರಬೇಕು. ಇದು 2024ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಬೀದರಿನ ಸಗಟು ಅಂಗಡಿ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ದೇಶದ ತಕ್ಕಡಿಯಲ್ಲಿ ಅದು ಧೂಳಿನ ಕಣ. ಭಾಲ್ಕಿಯ ತಕ್ಕಡಿಯಲ್ಲಿ ಅದು ಹತ್ತರಲ್ಲಿ ಎಂಟು ಪಾಲು.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಖರೀದಿಯ ನಂತರ ಆ ಕಂಪನಿ ಕಿರಾಣಿಯವರಿಗೆ ಮಾಲು ಕೊಡಲು ನಿರಾಕರಿಸಿದರೆ, ಅಥವಾ ತನ್ನ ಮಳಿಗೆಗೆ ಒಂದು ದರ, ಅವರಿಗೆ ಇನ್ನೊಂದು ದರ ಹಾಕಿದರೆ 4ನೆಯ ಕಲಮಿನ ಅಡಿಯಲ್ಲಿ ದೂರು ಕೊಡಬಹುದು. ಯಾವುದೇ ವ್ಯಕ್ತಿ, ಗ್ರಾಹಕರ ಸಂಘ ಅಥವಾ ವ್ಯಾಪಾರಿ ಸಂಘ ನಿಗದಿತ ಶುಲ್ಕ ಕಟ್ಟಿ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದು. ತಪ್ಪು ಸಾಬೀತಾದರೆ ವಹಿವಾಟಿನ ಶೇಕಡಾ 10ರವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ಮೊದಲು ಭಾಲ್ಕಿ ಒಂದು ಪ್ರತ್ಯೇಕ ಮಾರುಕಟ್ಟೆ ಎಂದು ತೋರಿಸಬೇಕು. ಭಾಲ್ಕಿಯಿಂದ ಉದಗೀರಕ್ಕೆ ರೈಲಿದೆ, ಅಲ್ಲಿಂದ ಮಾಲು ತರಬಹುದಲ್ಲ ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ.

ಬೇರೆ ದೇಶಗಳಲ್ಲಿ ಊರು ಊರಿನ ಲೆಕ್ಕ ನೋಡಿದ ಉದಾಹರಣೆಗಳಿವೆ. ಬ್ರಿಟನ್ನಿನ ಸೇನ್ಸ್‌ಬರೀಸ್ ಮತ್ತು ಆಸ್ಡಾ ಎಂಬ ಎರಡು ಅಂಗಡಿ ಸರಪಳಿಗಳು ಒಂದಾಗಲು ಹೊರಟಾಗ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಸ್ಥಳೀಯ ಪ್ರದೇಶಗಳನ್ನು ಒಂದೊಂದಾಗಿ ಪರಿಶೀಲಿಸಿ, ಬೆಲೆ ಏರುತ್ತದೆ ಎಂದು 2019ರ ಏಪ್ರಿಲ್‌ನಲ್ಲಿ ತಡೆಯಿತು. ಅಮೆರಿಕದಲ್ಲಿ ಕ್ರೋಗರ್ ಕಂಪನಿ ಆಲ್ಬರ್ಟ್‌ಸನ್ಸ್ ಅನ್ನು ಕೊಳ್ಳುವ ಯತ್ನಕ್ಕೆ 2024ರ ಡಿಸೆಂಬರಿನಲ್ಲಿ ಕೋರ್ಟು ತಡೆ ಹಾಕಿತು. 579 ಮಳಿಗೆಗಳನ್ನು ಬೇರೆಯವರಿಗೆ ಮಾರಿಬಿಡುತ್ತೇವೆ ಎಂದರೂ ಕೋರ್ಟಿಗೆ ಒಪ್ಪಿಗೆಯಾಗಲಿಲ್ಲ.

ಸಣ್ಣವರು ಯಾವಾಗಲೂ ಸರಿಯೇ?

ಇಲ್ಲಿಯವರೆಗೆ ಓದಿದವರಿಗೆ ಸಣ್ಣ ವ್ಯಾಪಾರಿ ಎಂದರೆ ಸಜ್ಜನ, ದೊಡ್ಡ ಕಂಪನಿ ಎಂದರೆ ಖಳನಾಯಕ ಎನಿಸಬಹುದು. ಕಾಯಿದೆ ಹಾಗೆ ನೋಡುವುದಿಲ್ಲ. ಸಂಘದ ನಿರಾಕ್ಷೇಪಣಾ ಪತ್ರವಿಲ್ಲದೆ ಔಷಧ ಕಂಪನಿಗಳು ಹೊಸ ವಿತರಕರನ್ನು ನೇಮಿಸಬಾರದು ಎಂಬ ಪದ್ಧತಿ ಸ್ಪರ್ಧೆಗೆ ವಿರುದ್ಧವಾದದ್ದು ಎಂದು 2013ರಲ್ಲಿ ಆಯೋಗ ಅಖಿಲ ಭಾರತ ಔಷಧ ವ್ಯಾಪಾರಿಗಳ ಸಂಘಟನೆಗೆ ದಂಡ ಹಾಕಿತು. ಸಣ್ಣವರು ಸಂಘ ಕಟ್ಟಿ ಹೊಸಬರಿಗೆ ಬಾಗಿಲು ಹಾಕಿದರೆ ಅದೂ ತಪ್ಪೇ. ಕಾಯಿದೆ ಕಾಪಾಡುವುದು ಸ್ಪರ್ಧೆಯನ್ನು, ಸ್ಪರ್ಧಿಯನ್ನಲ್ಲ.

ಗ್ರಾಹಕರ ಪಾಲಿನ ಲಾಭವನ್ನೂ ಮರೆಯಬಾರದು. ಔರಾದ್‌ನ ಹಳ್ಳಿಯೊಂದರ ವಿದ್ಯಾರ್ಥಿನಿಗೆ ಸ್ಪರ್ಧಾ ಪರೀಕ್ಷೆಯ ಪುಸ್ತಕ ಬೇಕಾದರೆ ಮೊದಲು ಬೀದರ್‌ಗೋ ಹೈದರಾಬಾದಿಗೋ ಹೋಗುವವರಿಗೆ ಹೇಳಿಕಳಿಸಬೇಕಿತ್ತು. ಈಗ ಅದು ಅಂಚೆಯಂತೆ ಮನೆಗೆ ಬರುತ್ತದೆ. ಇದು ಸಣ್ಣ ಉಪಕಾರವಲ್ಲ.

ಇನ್ನೊಂದು ಕಡೆ, ಕಿರಾಣಿ ಅಂಗಡಿ ಕೊಡುವ ಒಂದು ಸೌಲಭ್ಯಕ್ಕೆ ಬೆಲೆಪಟ್ಟಿಯಲ್ಲಿ ಜಾಗವಿಲ್ಲ. ಅದು ಉದ್ರಿ. ಮಳೆ ಕೈಕೊಟ್ಟ ವರ್ಷ, ತೊಗರಿ ಮಾರಿ ಹಣ ಬರುವವರೆಗೆ ಮನೆಯ ಒಲೆ ಉರಿಯುವುದು ಅಂಗಡಿಯವನ ಉದ್ರಿ ವಹಿಯ ಒಂದು ಸಾಲಿನಿಂದ. ಅಂಥ ಅಂಗಡಿ ಮುಚ್ಚಿದಾಗ ಗ್ರಾಹಕನಿಗೆ ಆಗುವ ನಷ್ಟವನ್ನು ಅಳೆಯಲು ಸ್ಪರ್ಧಾ ಕಾಯಿದೆಯಲ್ಲಿ ಅಳತೆಗೋಲು ಇಲ್ಲ. ಅದು ಸರ್ಕಾರದ ನೀತಿಗೆ, ಸಹಕಾರಕ್ಕೆ, ಸಮಾಜಕ್ಕೆ ಸೇರಿದ ಪ್ರಶ್ನೆ. ಕಿರಾಣಿಯವರು ಒಟ್ಟಾಗಿ ಮಾಲು ಕೊಂಡು ಖರ್ಚು ಉಳಿಸುವುದಕ್ಕೆ ಕಾಯಿದೆಯ ಅಡ್ಡಿ ಇರಬೇಕಾಗಿಲ್ಲ; ಒಟ್ಟಾಗಿ ಮಾರುವ ಬೆಲೆಯನ್ನು ನಿಗದಿ ಮಾಡಿದರೆ ಮಾತ್ರ ಅಡ್ಡಿ. ಸ್ವಸಹಾಯ ಗುಂಪುಗಳಿಗೆ ಹೆಸರಾದ ಬೀದರ್ ಜಿಲ್ಲೆಗೆ ಕೂಡಿ ಕೊಳ್ಳುವ ದಾರಿ ಅಪರಿಚಿತವೇನಲ್ಲ.

ನೀವೇ ಮಾಡಿ ನೋಡಿ

ಮುಂದಿನ ಬಾರಿ ಪತ್ರಿಕೆಯಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಮಾರುಕಟ್ಟೆ? ಖರೀದಿಯ ಮೊದಲು ಅಲ್ಲಿ ಎಷ್ಟು ಜನ ಇದ್ದರು, ನಂತರ ಎಷ್ಟು ಜನ ಉಳಿಯುತ್ತಾರೆ? ಬೆಲೆ ಏರಿಸಿದರೆ ಹೊಸಬನೊಬ್ಬ ಅಂಗಡಿ ತೆರೆಯಬಲ್ಲನೇ?

ಇನ್ನೊಂದು ಕೆಲಸ. ನಿಮ್ಮ ಬೀದಿಯ ಕಿರಾಣಿ ಅಂಗಡಿಯವರನ್ನು ಬಿಡುವಿದ್ದಾಗ ಮಾತನಾಡಿಸಿ. ಮಾಲು ಎಲ್ಲಿಂದ ತರುತ್ತಾರೆ, ಹತ್ತು ವರ್ಷದ ಹಿಂದೆ ಎಷ್ಟು ಜನ ಸಗಟು ವ್ಯಾಪಾರಿಗಳಿದ್ದರು, ಈಗ ಎಷ್ಟು ಜನ ಇದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಹತ್ತು ಅಂಗಡಿಗಳ ಉತ್ತರ ಸೇರಿದರೆ ನಿಮ್ಮ ಕೈಯಲ್ಲಿ ನಿಮ್ಮ ಊರಿನ ಸಂಬಂಧಿತ ಮಾರುಕಟ್ಟೆಯ ಒಂದು ಚಿತ್ರ ಇರುತ್ತದೆ. ದೆಹಲಿಯ ಆಯೋಗದ ಕಡತಗಳಲ್ಲಿ ಭಾಲ್ಕಿ, ಔರಾದ್‌ಗಳ ಇಂಥ ಚಿತ್ರ ತಾನಾಗಿ ಸೇರುವುದಿಲ್ಲ. ಅದನ್ನು ಅಲ್ಲಿಯವರೇ ಬರೆಯಬೇಕು.